ನೀರು ಬೇಡ ಅಂದ ವಕೀಲೆ

ವಾಡಿ ಜಂಕ್ಷನ್

ವಾಡಿಯಲ್ಲಿ ಹುಟ್ಟಿದವರಿಗೆ ಒಂದು ಸೊಕ್ಕು ಇರುತ್ತದೆ. ಮುಂಬೈ ಗಾಡಿ, ಚೆನ್ನೈ ಗಾಡಿ, ಹೈದರಾಬಾದ್ ಗಾಡಿ ಎಲ್ಲವೂ ನಮ್ಮ ಮನೆ ಮುಂದೆಯೇ ಹಾದು ಹೋಗುವಾಗ ನಾವು ಜಗತ್ತು ನೋಡಲು ಹೋಗುವುದೇನು, ಜಗತ್ತೇ ನಮ್ಮನ್ನು ನೋಡಲು ಬರುತ್ತದಲ್ಲ ಎಂದು ನಮ್ಮ ಓಣಿಯವರೆಲ್ಲ ನಂಬಿದ್ದರು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಕ್ವಾರ್ಟರ್ಸಿನ ನೆಲಕ್ಕೆ ಶಹಾಬಾದ್ ಪರಸಿ ಕಲ್ಲು ಹಾಸಿತ್ತು. ಬೇಸಿಗೆಯ ಮಧ್ಯಾಹ್ನ ಅವ್ವ ಅದನ್ನು ಒದ್ದೆ ಅರಿವೆಯಿಂದ ಒರೆಸಿ, ನನ್ನನ್ನೂ ತಂಗಿ ಸುಜಾತಾಳನ್ನೂ ಸಾಲಾಗಿ ಮಲಗಿಸುತ್ತಿದ್ದಳು. ಒಣಹಾಕಿದ ಬಟ್ಟೆಯ ಮೇಲೆ ಸಿಮೆಂಟ್ ಧೂಳು ಕೂತರೆ ಕಾರ್ಖಾನೆಯ ಚಿಮಣಿಯ ಕಡೆ ಮುಖ ಮಾಡಿ ದಿನಕ್ಕೊಂದು ಸಲ ಬೈಯುತ್ತಿದ್ದಳು. ಈಗಲೂ ಎಲ್ಲಿಯಾದರೂ ಸಿಮೆಂಟ್ ಕಲಸುವ ವಾಸನೆ ಬಂದರೆ ನನಗೆ ಅವ್ವನ ನೆನಪಾಗುತ್ತದೆ.

ಸುಜಾತಾ ನರ್ಸಿಂಗ್ ಓದಿ ಇಂಗ್ಲೆಂಡಿನ ದವಾಖಾನೆಯೊಂದನ್ನು ಸೇರಿ ಭಾಳ ವರ್ಷಗಳಾದವು. ನಾನು ಚಿತ್ತಾಪುರ ಕೋರ್ಟಿನಲ್ಲಿ ವಕೀಲಿಕೆ ಮಾಡಿಕೊಂಡು, ಬಡವರಿಗೆ ಸರ್ಕಾರ ಕೊಡುವ ಪುಕ್ಕಟೆ ವಕೀಲರಲ್ಲಿ ಒಬ್ಬಳಾಗಿ, ಬೇವಿನ ಮರದ ಕೆಳಗೆ ಇದ್ದಲ್ಲಿಯೇ ಇದ್ದೇನೆ. ಪ್ರತಿ ವರ್ಷ ಅವಳು ಕರೆಯುವುದು, ನಾನು ಕೋರ್ಟಿನ ನೆಪ ಹೇಳುವುದು. ಈ ಸಲ ಅವಳು ಫೋನಿನಲ್ಲೇ ಜಗಳ ತೆಗೆದಳು. "ಅಕ್ಕಾ, ನೀ ಇಲ್ಲಂದ್ರ ಚಿತ್ತಾಪುರ ಕೋರ್ಟಿಗೆ ಕೀಲಿ ಹಾಕ್ತಾರೇನ? ಬರಲಿಲ್ಲಂದ್ರ ನಿನ್ನ ಸಂಗಡ ಮಾತು ಬಂದ್ ನೋಡು."

ಹಾಗಾಗಿ ಹೊರಟೆ. ಜೋಳದ ಹಿಟ್ಟು, ತೊಗರಿ ಬೇಳೆ, ಖಾರದ ಚಟ್ನಿಪುಡಿಯಾದ ಶೇಂಗಾ ಹಿಂಡಿ ಕಟ್ಟಿಕೊಂಡೆ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಶೇಂಗಾ ಹಿಂಡಿಯ ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ಒಯ್ದು ಎಂಥಾ ಸೀನು ಸೀನಿದ ಅಂದರೆ ಹಿಂದಿನ ಸಾಲಿನ ಕೂಸು ಅಳಲು ಶುರುಮಾಡಿತು. ಕಣ್ಣೊರೆಸಿಕೊಂಡು ಅವನೇ ನನಗೆ ಸಾರಿ ಹೇಳಿದ. ನನ್ನ ಖಾರಕ್ಕೆ ಅವನ ಸಾರಿ! ಈ ದೇಶದ ರಿವಾಜು ನನಗೆ ಅಲ್ಲಿಂದಲೇ ಪರಿಚಯವಾಯಿತು.

ತಂಗಿಯ ಊರು

ಅಲ್ಲಿ ಬಾಗಿಲಿಗೆ ಭುಜ ತಾಗಿದರೂ ಸಾರಿ ಅನ್ನುತ್ತಾರೆ. ಬಸ್ಸಿನಿಂದ ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮ ಚಿಂಚೋಳಿ ಬಸ್ಸಿನಲ್ಲಿ ಹಾಗೆ ಮಾಡಿದರೆ ಡ್ರೈವರು, ಇವಳಿಗೇನಾಯಿತಪ್ಪಾ ಎಂದು ತಿರುಗಿ ನೋಡಿಯಾನು. ಇದೆಲ್ಲ ನನಗೆ ಇಷ್ಟವಾಯಿತು. ಒಂದು ಮಾತ್ರ ಒಗ್ಗಲಿಲ್ಲ. ನಮ್ಮಲ್ಲಿ ಮನೆಗೆ ಯಾರೇ ಬರಲಿ, ಬಂದ ಕೂಡಲೇ ಕುಡಿಯಲು ಒಂದು ತಂಬಿಗೆ ನೀರು ಮುಂದಿಟ್ಟು ಆಮೇಲೆ ಮಾತು. ಬೇಡ ಅಂದವರಿಗೂ ಎರಡು ಸಲ, ಮೂರು ಸಲ ಒತ್ತಾಯ ಮಾಡುತ್ತೇವೆ. ಮೊದಲ ಸಲ ಬೇಡ ಅನ್ನುವುದು ಮರ್ಯಾದೆ, ಅದನ್ನು ಯಾರೂ ಖರೇ ಅಂದುಕೊಳ್ಳುವುದಿಲ್ಲ.

ತಂಗಿಯ ಪಕ್ಕದ ಮನೆಯ ಮಾರ್ಗರೆಟ್ ಎಪ್ಪತ್ತು ದಾಟಿದ ಹೆಂಗಸು, ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಿಯಾದವಳು. ಮೊದಲ ದಿನ ಕರೆದು, ಕೇಕು ತಿನ್ನುತ್ತೀಯಾ ಎಂದು ಕೇಳಿದಳು. ನಾನು ರೂಢಿಯಂತೆ "ಬೇಡ" ಅಂದೆ. "ಸರಿ" ಎಂದು ಅವಳು ಕೇಕಿನ ಡಬ್ಬಿ ಮುಚ್ಚಿ ಒಳಗಿಟ್ಟಳು! ಯವ್ವಾ, ಆ ಕೇಕಿನ ವಾಸನೆಗೆ ನನ್ನ ಹೊಟ್ಟೆ ಚುರುಗುಡುತ್ತಿತ್ತು. ಮನೆಗೆ ಬಂದು ಸುಜಾತಾಳಿಗೆ ಹೇಳಿದರೆ ಅವಳು ನಕ್ಕು ನಕ್ಕು ಸುಸ್ತಾದಳು. "ಇಲ್ಲಿ ಬ್ಯಾಡ ಅಂದ್ರ ಬ್ಯಾಡನ ಅಕ್ಕಾ. ನಿನಗ ಬೇಕಿದ್ರ ಬೇಕು ಅನ್ನು."

ಸಂಜೆ ಹೊತ್ತು ಜೋಳದ ರೊಟ್ಟಿ ಬಡಿಯುವಾಗ ನಾವಿಬ್ಬರೂ ಹಳೆಯದೆಲ್ಲ ತೆಗೆಯುತ್ತಿದ್ದೆವು. ಕಾಗಿಣಾ ಹೊಳೆಗೆ ಹೋಗಿ ಅರಿವೆ ಒಗೆದದ್ದು, ಶಹಾಬಾದಿನ ಅತ್ತೆ ಮನೆಯಲ್ಲಿ ಕಲ್ಲಿನ ಚೂರು ಜೋಡಿಸಿ ಮನೆ ಕಟ್ಟಿ ಆಡಿದ್ದು. ಅಲ್ಲಿ ತಣ್ಣಗೆ ಮಳೆ ಜಿನುಗುತ್ತಿತ್ತು. ನನಗೆ ಚಿತ್ತಾಪುರದ ಬಿಸಿಲು ಬೇಕಾಗಿತ್ತು.

ಮಾರ್ಗರೆಟ್‌ಳ ಅಡುಗೆಮನೆ

ಒಂದು ದಿನ ಮಾರ್ಗರೆಟ್ ಸುಜಾತಾಳನ್ನು ಹುಡುಕಿಕೊಂಡು ಬಂದಳು. ಸುಜಾತಾ ಡ್ಯೂಟಿಯಲ್ಲಿದ್ದಳು. "ಹಾಗಾದರೆ ನೀನೇ ಬಾ" ಎಂದು ನನ್ನನ್ನು ತನ್ನ ಅಡುಗೆಮನೆಗೆ ಕರೆದೊಯ್ದಳು. ಈ ಸಲ ನಾನು ಕೇಕು ಬೇಕು ಅಂದೆ.

ಅವಳು ಹೇಳಿದ್ದು ಇಷ್ಟು. ಊರ ಹೊರಗೆ ಒಂದು ಡಿಟೆನ್ಷನ್ ಸೆಂಟರ್ ಇದೆ. ವೀಸಾ ಮುಗಿದವರು, ಕಾಗದ ಇಲ್ಲದವರನ್ನು ಅವರ ದೇಶಕ್ಕೆ ಕಳಿಸುವ ತನಕ ಅಲ್ಲಿ ಕೂಡಿಹಾಕುತ್ತಾರೆ. ಯಾರೂ ಇಲ್ಲದವರನ್ನು ಮಾರ್ಗರೆಟ್‌ಳಂಥ ಕೆಲವರು ವಾರಕ್ಕೊಮ್ಮೆ ಹೋಗಿ ಮಾತಾಡಿಸಿ ಬರುತ್ತಾರೆ. ಈಗ ಅಲ್ಲಿ ಒಬ್ಬ ಹೆಂಗಸು ಇದ್ದಾಳೆ, ನಿಮ್ಮ ಭಾಷೆಯವಳು, ಯಾರ ಜೊತೆಗೂ ಮಾತಾಡುತ್ತಿಲ್ಲ. ಪುಕ್ಕಟೆ ವಕೀಲೆ ಸಿಕ್ಕಿದ್ದರೂ ಅವಳನ್ನು ಬೇಡ ಅಂದಿದ್ದಾಳೆ. ಮುಂದಿನ ವಾರ ಅವಳನ್ನು ವಿಮಾನ ಹತ್ತಿಸುತ್ತಾರೆ.

"ಅವಳ ಮೇಲೆ ಕೇಸೇನು?" ಎಂದು ಕೇಳಿದೆ.

"ಕೇಸಿಲ್ಲ."

"ಶಿಕ್ಷೆ ಎಷ್ಟು?"

"ಶಿಕ್ಷೆಯೂ ಇಲ್ಲ."

"ಮತ್ತೆ ಕೋರ್ಟಿನ ತಾರೀಖು ಯಾವಾಗ?"

ಮಾರ್ಗರೆಟ್ ಅದೂ ಇಲ್ಲವೆಂದು ತಲೆಯಾಡಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಜೈಲು ನಾನು ಕಂಡಿದ್ದೇನೆ, ಅದನ್ನು ಹೊಗಳುವವಳು ನಾನಲ್ಲ. ಆದರೆ ನಮ್ಮಲ್ಲಿ ಒಳಗಿದ್ದವನಿಗೆ ಒಂದು ತಾರೀಖಾದರೂ ಇರುತ್ತದೆ. ಮುಂದಿನ ಸೋಮವಾರ ಅಂತ ಬೆರಳು ಮಡಚುತ್ತ ಕೂಡಬಹುದು. ಇಲ್ಲಿ ಅದೂ ಇಲ್ಲ. ಜಾಮೀನು ಕೇಳಬಹುದಂತೆ, ಕೇಳಲು ವಕೀಲರು ಬೇಕು. ಪುಕ್ಕಟೆ ವಕೀಲರು ಬರುತ್ತಾರೆ, ಒಬ್ಬೊಬ್ಬರಿಗೆ ಅರ್ಧ ತಾಸು ಕೊಡುತ್ತಾರೆ. ಫೋನಿನಲ್ಲಿ ದುಭಾಷಿಯನ್ನು ಹಿಡಿಯುವಷ್ಟರಲ್ಲಿ ಅದರಲ್ಲಿ ಅರ್ಧ ಮುಗಿದಿರುತ್ತದೆ.

ಬೇಲಿಯ ಒಳಗೆ

ಕಣ್ಣು ಮಂಜಾಗಿ ಮಾರ್ಗರೆಟ್ ಕಾರು ಓಡಿಸುವುದನ್ನು ಬಿಟ್ಟಿದ್ದಾಳೆ. ತಾಸಿಗೊಂದು ಬರುವ ಬಸ್ಸಿನಲ್ಲಿ ಹೋದೆವು. ಗೇಟಿನಲ್ಲಿ ಬೆರಳಚ್ಚು ತಗೊಂಡರು, ಕೈಗೆ ಪಟ್ಟಿ ಕಟ್ಟಿದರು, ನನ್ನ ಚೀಲ ಕಪಾಟಿನಲ್ಲಿ ಇಡಿಸಿದರು. ಕಾವಲಿನವರು ಒರಟರಲ್ಲ, ಹವಾಮಾನದ ಮಾತೂ ಆಡಿದರು. ಆದರೆ ಹಿಂದೆ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಜೈಲಿನ ಬಾಗಿಲಿನ ಸಪ್ಪಳ ಎಲ್ಲ ದೇಶದಲ್ಲೂ ಒಂದೇ.

ದೊಡ್ಡ ಹಾಲಿನಲ್ಲಿ ಕುರ್ಚಿ, ಮೇಜು. ಒಬ್ಬ ತೆಳ್ಳನೆಯ ಹೆಂಗಸು ಬಂದು ನಮ್ಮೆದುರು ಕುಳಿತಳು. ಮೂವತ್ತೈದರ ಆಜುಬಾಜು ಇರಬೇಕು. ಯಾರೋ ಕೊಟ್ಟ ದೊಗಳೆ ಸ್ವೆಟರ್ ಮೇಲೆ ದುಪಟ್ಟಾವನ್ನು ಸೆರಗಿನಂತೆ ಹೊದ್ದಿದ್ದಳು. ತಲೆ ಎತ್ತಲಿಲ್ಲ.

"ಏನವ್ವಾ ತಂಗಿ, ಊಟ ಆತೇನು?" ಅಂದೆ.

ಥಟ್ಟನೆ ತಲೆ ಎತ್ತಿದಳು. ನನ್ನ ಮುಖ, ಸೀರೆ, ಮತ್ತೆ ಮುಖ ನೋಡಿದಳು. "ಯಾವೂರ್ರಿ ನೀವು?"

"ವಾಡಿ."

"ಸಿಮೆಂಟಿನ ವಾಡಿ?"

"ಅದೇ ವಾಡಿ."

"ನಮ್ದು ಸುಲೇಪೇಟ ಬಾಜೂಕಿನ ಹಳ್ಳಿರಿ" ಎಂದವಳೇ ದುಪಟ್ಟಾ ಬಾಯಿಗೆ ಒತ್ತಿ ಅಳತೊಡಗಿದಳು. ನಾನೂ ಅತ್ತೆ. ಮಾರ್ಗರೆಟ್ ಇಬ್ಬರಿಗೂ ಕಾಗದದ ಕರವಸ್ತ್ರ ಕೊಟ್ಟಳು.

ಹೆಸರು ಜಗದೇವಿ. ಗಂಡ ಊರಲ್ಲಿ ತೊಗರಿ ಹೊಲದ ಕೂಲಿ, ಮಗಳು ಸೇಡಂ ಹಾಸ್ಟೆಲಿನಲ್ಲಿ ಓದುತ್ತಾಳೆ. ನಮ್ಮ ಚಿಂಚೋಳಿ ಕಡೆಯವರೆಲ್ಲ ಹೋಗುವ ಹಾಗೆ ಜಗದೇವಿಯೂ ಹೈದರಾಬಾದಿಗೆ ಹೋಗಿ ಒಂದು ದೊಡ್ಡ ಮನೆಯಲ್ಲಿ ಅಡುಗೆಗೆ ನಿಂತಿದ್ದಳು. ಆ ಮನೆಯವರು ಇಂಗ್ಲೆಂಡಿಗೆ ಹೊರಟಾಗ ಅವಳನ್ನೂ ಕರೆತಂದರು. ಬಂದ ದಿನವೇ ಪಾಸ್‌ಪೋರ್ಟ್ ಇಸಕೊಂಡರು. ಹೊರಗೆ ಹೋಗುವಾಗ ಬಾಗಿಲಿಗೆ ಕೀಲಿ. ವೀಸಾ ಮುಗಿದದ್ದೂ ಅವಳಿಗೆ ತಿಳಿಸಲಿಲ್ಲ. ಒಂದು ವರ್ಷದ ಮೇಲೆ ಹಾಗೇ ಕಳೆಯಿತು. ಒಂದು ಮಧ್ಯಾಹ್ನ ಮಾಲಕಿನ್ ಕೀಲಿ ಹಾಕುವುದನ್ನು ಮರೆತಳು. ಜಗದೇವಿ ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕೂತು, ಹಾದುಹೋದ ಒಬ್ಬಳಿಗೆ "ಪೋಲೀಸ್, ಪೋಲೀಸ್" ಅಂದಳು. ಪೊಲೀಸರು ಬಂದರು. ಕಾಗದ ಕೇಳಿದರು, ಇರಲಿಲ್ಲ. ತಂದು ಇಲ್ಲಿಟ್ಟರು.

"ನನಗ ಈ ದೇಶ ಬ್ಯಾಡ್ರಿ. ನಾ ಊರಿಗೆ ಹೋಗಾಕಿನೇ" ಅಂದಳು. "ಆದ್ರ ಮಾಲಕಿನ್ ನಮ್ಮ ಊರಿಗೆ ಫೋನ್ ಮಾಡ್ಯಾಳ. ನಿಮ್ಮಾಕಿ ಯಾರ್ದೋ ಸಂಗಡ ಓಡಿ ಹೋದ್ಳು ಅಂತ. ನನ್ನ ಗಂಡನ ಮುಂದ, ನನ್ನ ಮಗಳ ಮುಂದ ನಾ ಹ್ಯಾಂಗ ನಿಲ್ಲಲಿ? ಈ ಸರಕಾರ ನನ್ನ ಮಾತು ಬರಕೊಳ್ಳಲಿ. ಕೀಲಿ ಹಾಕಿದ್ದು ಖರೇ ಅಂತ ಹೇಳ್ಲಿ. ಆಮ್ಯಾಲ ಕಳಿಸ್ಲಿ."

ಅಷ್ಟೇ ಅವಳಿಗೆ ಬೇಕಾದದ್ದು. ವಿಮಾನಕ್ಕೆ ಮೊದಲು ಅವಳ ಮಾತು ಯಾರಾದರೂ ಕೇಳಬೇಕು. ನಾನು ವಕೀಲೆ, ನನಗೆ ಹಾದಿ ಕಾಣುತ್ತಿತ್ತು. ಇಂಥವರ ಮಾತು ತನಿಖೆ ಮಾಡುವ ತನಕ ಕಳಿಸುವಂತಿಲ್ಲ ಎಂದು ಮಾರ್ಗರೆಟ್ ಹೇಳಿದ್ದಳು. ಆದರೆ ಅಲ್ಲಿನ ಕಾನೂನು ತಿಳಿದವರು ಯಾರಾದರೂ ಅರ್ಜಿ ಹಾಕಬೇಕಲ್ಲ.

"ಮತ್ತ ಆ ವಕೀಲಬಾಯಿನ್ನ ಯಾಕ ಬ್ಯಾಡ ಅಂದಿ?"

ಜಗದೇವಿಯ ಮುಖ ಗಟ್ಟಿಯಾಯಿತು. "ಆಕಿ ನಮ್ಮಾಕಿ ಅಲ್ರಿ. ಮಾಲಕಿನ್ ಕಡಿಯಾಕಿ."

"ಹ್ಯಾಂಗ ಗೊತ್ತಾತು?"

"ನಾ ನೀರು ಕೊಟ್ಟೆ. ಹೊರಗ ನೀರಿನ ಮಷೀನ್ ಅದ, ಅಲ್ಲಿಂದ ಹಿಡ್ಕೊಂಡು ಹೋಗಿ ಕೈಯಾಗ ಕೊಡ್ಲಿಕ್ಕೆ ಹೋದೆ. ನೋ ನೋ ಅಂದ್ಳು. ಚೀಲದಾಗಿಂದ ತನ್ನ ಬಾಟ್ಲಿ ತಗದು, ನನ್ನ ಎದುರೇ ಕುಡದ್ಳು." ದುಪಟ್ಟಾ ಬಿಗಿಯಾಗಿ ಎಳೆದುಕೊಂಡಳು. "ಆ ಮನ್ಯಾಗೂ ನನ್ನ ತಾಟು, ಗಿಲಾಸು ಬ್ಯಾರೇನ ಇಟ್ಟಿದ್ರು. ಇಲ್ಲೀಗಿ ಬಂದ್ರೂ ಇದೇ ಏನ್ರಿ? ನನ್ನ ಕೈ ನೀರು ಒಲ್ಲದಾಕಿ ನನ್ನ ಕಡಿಂದ ಏನ್ ಮಾತಾಡ್ತಾಳ?"

ಆಮೇಲೆ ಸಣ್ಣಗೆ ಕೇಳಿದಳು. "ನೀವು ನಮ್ಮ ಮಂದೀನಾ ಅಕ್ಕೋರೆ?"

"ಹೌದವ್ವಾ. ನಮ್ಮ ಮನ್ಯಾಗೂ ಬುದ್ಧನ ಫೋಟೋನೇ ಅದ" ಅಂದೆ. ಮಾರ್ಗರೆಟ್ ಏನಾಯಿತು ಎಂದು ಕೇಳುತ್ತಿದ್ದಳು. ಬಸ್ಸಿನಲ್ಲಿ ಹೇಳುತ್ತೇನೆ ಅಂದೆ.

ಬಸ್ಸಿನ ಕಿಟಕಿಯಲ್ಲಿ ಸುಲೇಪೇಟ

ಮರಳುವ ಬಸ್ಸಿನಲ್ಲಿ ಹೊರಗೆ ಹಸಿರು ಬಯಲು, ಒದ್ದೆ ಕುರಿಗಳು. ನನ್ನ ಕಣ್ಣಿಗೆ ಸುಲೇಪೇಟದ ಸಂತೆ ಕಾಣುತ್ತಿತ್ತು. ಆಯಿಯ ಊರು ಅದರ ಹತ್ತಿರವೇ. ಆಯಿ, ಅಂದರೆ ಅವ್ವನ ಅವ್ವ. ಸಂತೆಯ ದಿನ ನನ್ನ ಕೈ ಹಿಡಿದು ನಡೆಸಿಕೊಂಡು ಹೋಗುತ್ತಿದ್ದಳು. ಮೆಣಸಿನಕಾಯಿ ರಾಶಿಯ ಘಾಟು, ತೆಲುಗು ಕನ್ನಡ ಉರ್ದು ಕಲಸಿ ಕೂಗುವ ವ್ಯಾಪಾರದವರು, ಬೆಂಡು ಬತ್ತಾಸಿನ ಸಾಲು. ಎಲ್ಲಾ ಮುಗಿದ ಮೇಲೆ ಹೋಟೆಲಿನ ಹಿಂದಿನ ಗೋಡೆಯ ಹತ್ತಿರ ಹೋಗುತ್ತಿದ್ದೆವು. ಅಲ್ಲೊಂದು ಗೂಡು. ಅದರಲ್ಲಿ ಎರಡು ಬಟ್ಟಲು. ಆಯಿ ತಾನೇ ಬಟ್ಟಲು ತೊಳೆದು ಹಿಡಿಯುತ್ತಿದ್ದಳು, ಹೋಟೆಲಿನವನು ಮೇಲಿನಿಂದ ಚಹಾ ಸುರಿಯುತ್ತಿದ್ದ. ಕುಡಿದು, ತೊಳೆದು, ಮತ್ತೆ ಗೂಡಿನಲ್ಲಿ ಇಡಬೇಕು.

ಆ ಬಟ್ಟಲು ನಮಗೆಂದೇ ಜೋಪಾನವಾಗಿ ಇಟ್ಟಿದ್ದಾರೆ ಎಂದು ನನಗೆ ಹೆಮ್ಮೆ. ವಾಡಿಗೆ ಬಂದು, ಸುಲೇಪೇಟದ ಹೋಟೆಲಿನಲ್ಲಿ ನಮ್ಮದೇ ಬಟ್ಟಲು ಇದೆ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿದೆ. ಅವ್ವ ಕೇಳಿಸಿಕೊಂಡು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಅರ್ಥವಾದದ್ದು ದೊಡ್ಡವಳಾದ ಮೇಲೆ. ಈಗ ಆ ಗೂಡು ಇಲ್ಲ, ಹೋಟೆಲೂ ಇಲ್ಲ. ಆದರೂ ಆಯಿಯ ಬೆರಳು, ಬತ್ತಾಸಿನ ಸಿಹಿ, ಆ ಚಹಾದ ಬಿಸಿ ಬೇರೆ ಬೇರೆಯಾಗಿ ನೆನಪಾಗುವುದೇ ಇಲ್ಲ. ಆ ಸಂತೆಯನ್ನು ಪ್ರೀತಿಸದೆ ಇರಲೂ ನನ್ನಿಂದಾಗಿಲ್ಲ.

ಹೆಲೆನ್

ಮಾರ್ಗರೆಟ್ ಫೋನು ಮಾಡಿದ್ದಕ್ಕೆ ಆ ವಕೀಲೆ ಮರುದಿನವೇ ಅವಳ ಮನೆಗೆ ಬಂದಳು. ಹೆಸರು ಹೆಲೆನ್, ನಲವತ್ತರ ಆಸುಪಾಸು, ಕಣ್ಣ ಕೆಳಗೆ ಕಪ್ಪು. ಹೆಗಲಿನ ಚೀಲ ಕಾಗದದಿಂದ ಉಬ್ಬಿತ್ತು. ನೋಡಿದ ಕೂಡಲೇ ನಮ್ಮ ಕೋರ್ಟಿನ ಬಾರ್ ರೂಮಿನವಳು ಅನ್ನಿಸಿತು. ಪುಕ್ಕಟೆ ಕೇಸು ಮಾಡುವ ವಕೀಲರ ಮುಖವೇ ಹಾಗೆ, ಎಲ್ಲಿದ್ದರೂ ಗುರುತು ಸಿಗುತ್ತದೆ.

"ಅವಳು ನನ್ನನ್ನು ಬೇಡ ಅಂದಳು" ಎಂದಳು. "ಯಾಕೆಂದು ಇವತ್ತಿಗೂ ತಿಳಿದಿಲ್ಲ. ಒಪ್ಪಿಗೆಗೆ ಸಹಿ ಮಾಡದೆ ನಾನೇನೂ ಮಾಡಲಾರೆ."

ನೀರಿನ ಸಂಗತಿ ಹೇಳಿದೆ. ನನ್ನ ಇಂಗ್ಲಿಷು ಕೋರ್ಟಿನ ಇಂಗ್ಲಿಷು, ಅಹವಾಲು ಸಲ್ಲಿಸುವ ಧಾಟಿ ಅದಕ್ಕೆ ಅಂಟಿಕೊಂಡಿದೆ. ಹಾಗೇ ಗೂಡಿನ ಬಟ್ಟಲಿನ ಕತೆಯನ್ನೂ ಹೇಳಿದೆ. ಹೆಲೆನ್‌ಳ ಮುಖ ಕುತ್ತಿಗೆಯ ತನಕ ಕೆಂಪೇರಿತು.

"ದೇವರೇ! ಅವಳಿಗೆ ತೊಂದರೆ ಆಗಬಾರದು ಅಂತ ಬೇಡ ಅಂದೆ. ಬಾಟಲಿ ಯಾವಾಗಲೂ ಜೊತೆಗೇ ಇರುತ್ತದೆ. ನಾನು ಕ್ಷಮೆ ಕೇಳುತ್ತೇನೆ. ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ."

"ಬೇಡವೇ ಬೇಡ" ಅಂದೆ. ನನಗೆ ಸ್ವಲ್ಪ ರೇಗಿತು. "ನಿಮ್ಮ ದೇಶದಲ್ಲಿ ಬಾಗಿಲಿಗೂ ಸಾರಿ ಹೇಳುತ್ತೀರಿ. ಆ ಮಾತನ್ನು ಅವಳೇನು ಮಾಡಲಿ? ಕ್ಷಮೆ ಕೇಳಬೇಡ. ನೀರು ಕೇಳು."

"ಅವಳು ಮತ್ತೆ ಕೊಟ್ಟರೆ ಖಂಡಿತ ಕುಡಿಯುತ್ತೇನೆ."

"ಒಮ್ಮೆ ಬೇಡ ಅನ್ನಿಸಿಕೊಂಡವಳು ಮತ್ತೆ ಕೊಡುವುದಿಲ್ಲ, ತಾಯಿ. ನೀನೇ ಬಾಯಿ ಬಿಟ್ಟು ಕೇಳಬೇಕು."

ಹೆಲೆನ್ ದುಭಾಷಿಯಾಗಿ ನನ್ನ ಹೆಸರು ಕೊಟ್ಟು ಸೆಂಟರಿನವರ ಒಪ್ಪಿಗೆ ಪಡೆದಳು. ಕಾರಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಪಾಠ. "ನೀರು ಕೊಡ್ರಿ ಅಕ್ಕಾ." ವಯಸ್ಸಿನಲ್ಲಿ ಜಗದೇವಿಯೇ ಸಣ್ಣವಳು, ಆದರೂ ಅಕ್ಕಾ ಅನ್ನಲಿ ಎಂದೆ. ಸಿಗ್ನಲ್ಲಿನಲ್ಲಿ ಕಾರು ನಿಂತಾಗಲೆಲ್ಲ ಹೆಲೆನ್ ಸ್ಟೇರಿಂಗ್ ಹಿಡಿದು ಒಬ್ಬಳೇ ಅಂದುಕೊಳ್ಳುತ್ತಿದ್ದಳು. ಪಕ್ಕದ ಕಾರಿನವನು ನೋಡಿ ನೋಡಿ ಕಿಟಕಿ ಏರಿಸಿಕೊಂಡ.

ಮತ್ತೆ ಆ ಕೋಣೆ

ವಕೀಲರ ಭೇಟಿಗೆ ಸಣ್ಣ ಕೋಣೆ. ಒಂದು ಮೇಜು, ಮೂರು ಕುರ್ಚಿ, ಗಾಜಿನ ಬಾಗಿಲು. ಜಗದೇವಿ ನನ್ನನ್ನು ಕಂಡು ಒಳಗೆ ಬಂದಳು, ಹೆಲೆನ್‌ಳನ್ನು ಕಂಡು ಬಾಗಿಲಲ್ಲೇ ನಿಂತಳು.

ಹೆಲೆನ್ ಎದ್ದು ನಿಂತಳು. ಕಲಿತದ್ದೆಲ್ಲ ಮರೆತುಹೋಗಿ ನನ್ನ ಕಡೆ ನೋಡಿದಳು. ನೀನೇ ಹೇಳು ಎಂದು ಕಣ್ಸನ್ನೆ ಮಾಡಿದೆ. ಕಡೆಗೆ ಅವಳೇ ಅಂದಳು, "ನೀರು ಕೊಡ್ರಿ ಅಕ್ಕಾ."

ಉಚ್ಚಾರ ವಕ್ರವಾಗಿತ್ತು, ಆದರೆ ತಿಳಿಯದಿರುವಂಥದ್ದಲ್ಲ. ಜಗದೇವಿ ಅಲುಗಾಡಲಿಲ್ಲ. ಹೆಲೆನ್‌ಳನ್ನೇ ನೋಡುತ್ತ ನಿಂತಳು. ನನಗೆ ಆ ನೋಟ ಗೊತ್ತು. ಆಸೆ ಪಟ್ಟು ಮತ್ತೆ ಮೋಸ ಹೋಗಬಾರದು ಅನ್ನುವ ನೋಟ ಅದು. ಆಮೇಲೆ ತಿರುಗಿ ಹೊರಗೆ ಹೋದಳು. ಬರುತ್ತಾಳೋ ಇಲ್ಲವೋ ಎಂದು ಗಾಜಿನ ಬಾಗಿಲನ್ನೇ ನೋಡುತ್ತ ಕುಳಿತೆ.

ಬಂದಳು. ಕೈಯಲ್ಲಿ ಕಾಗದದ ಕಪ್ಪು. ಹೆಲೆನ್‌ಳ ಕೈಗೆ ಕೊಡಲಿಲ್ಲ. ಮೇಜಿನ ತುದಿಯಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಊರಿನಲ್ಲಿ ನಮ್ಮ ಮಂದಿ ಹೇಗೆ ಇಡುತ್ತಾರೋ ಹಾಗೆ.

ಹೆಲೆನ್ ಮೇಜು ಸುತ್ತಿ ಬಂದು ಕಪ್ಪು ಎತ್ತಿ ಗಟಗಟ ಕುಡಿದಳು. ಆಮೇಲೆ ನಾನು ಹೇಳಿಕೊಡದ್ದನ್ನು ಮಾಡಿದಳು. ಖಾಲಿ ಕಪ್ಪನ್ನು ಜಗದೇವಿಯ ಮುಂದೆ ಹಿಡಿದು, ಇನ್ನೂ ಸ್ವಲ್ಪ ಎಂದು ಕೈಸನ್ನೆ ಮಾಡಿದಳು. ನನಗೆ ಆಮೇಲೆ ಹೇಳಿದಳು, ಬೆಳಗಿನಿಂದ ಮೂವರು ಕಕ್ಷಿದಾರರನ್ನು ನೋಡಿ ಬಂದು ನಿಜವಾಗಿಯೂ ಗಂಟಲು ಒಣಗಿತ್ತಂತೆ, ಬಾಟಲಿಯನ್ನು ಬೇಕೆಂದೇ ಕಾರಿನಲ್ಲಿ ಬಿಟ್ಟು ಬಂದಿದ್ದಳಂತೆ.

ಜಗದೇವಿ ಆ ಖಾಲಿ ಕಪ್ಪು ನೋಡಿದಳು. ಫಕ್ಕನೆ ನಕ್ಕಳು. "ಏನ್ ಬಾಯಾರಿಕಿ ಅದ ಅಕ್ಕೋರೆ ಇಕಿಗಿ! ಕುಂದ್ರಲಿಕ್ಕಿ ಹೇಳ್ರಿ, ತರ್ತೀನಿ." ಎರಡನೇ ಕಪ್ಪು ತಂದು ಹೆಲೆನ್‌ಳ ಕೈಗೇ ಕೊಟ್ಟಳು. ತಾನೂ ಕುಳಿತಳು. "ಬರಕೊ ಅನ್ರಿ. ಹೇಳ್ತೀನಿ" ಅಂದಳು.

ಓದಿ ಕೇಳಿಸಿದ್ದು

ಅವಳು ಹೇಳಿದಳು, ನಾನು ಇಂಗ್ಲಿಷಿಗೆ ತಂದೆ, ಹೆಲೆನ್ ಬರೆದಳು. ಒಪ್ಪಿಗೆಗೆ ಸಹಿಯಾಯಿತು. ಮುಂದಿನ ಭೇಟಿಗೆ ಹೆಲೆನ್ ಅದೆಲ್ಲ ಟೈಪು ಮಾಡಿಸಿ ತಂದು, ಒಂದೊಂದೇ ಸಾಲು ಓದತೊಡಗಿದಳು, ನಾನು ಕನ್ನಡಕ್ಕೆ ತರುತ್ತಿದ್ದೆ. ನಮ್ಮಲ್ಲಿ ಪ್ರತಿ ಹೇಳಿಕೆಯ ಕೆಳಗೆ "ಓದಿ ಕೇಳಿಸಲಾಯಿತು, ಸರಿ ಇದೆ ಎಂದು ಒಪ್ಪಿದರು" ಎಂದು ಇರುತ್ತದೆ. ಖರೇ ಹೇಳಬೇಕೆಂದರೆ ಓದುವವರು ಯಾರು? ಹೆಬ್ಬೆಟ್ಟು ಒತ್ತಿಸಿ ಮುಂದೆ ಹೋಗು ಅನ್ನುತ್ತಾರೆ. ಇಲ್ಲಿ ಒಬ್ಬಳು ಓದುತ್ತಿದ್ದಾಳೆ, ನಮ್ಮ ಕೇರಿಯ ಹೆಣ್ಣುಮಗಳೊಬ್ಬಳು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಾಳೆ. ನನಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

ಒಂದು ಸಾಲಿನಲ್ಲಿ ಜಗದೇವಿ ಕೈಯೆತ್ತಿ ನಿಲ್ಲಿಸಿದಳು. "ಏನಂದ್ರಿ? ಇನ್ನೊಮ್ಮೆ ಹೇಳ್ರಿ."

ಬಾಗಿಲು ತೆರೆದಿದ್ದಾಗ ಆ ಮನೆಯಿಂದ ಓಡಿಹೋದೆ, ಎಂದು ಇತ್ತು.

"ನಾ ಯಾವಾಗ ಓಡಿದೆ? ಓಡಿಲ್ರಿ ನಾ. ಒಲಿ ಬಂದ್ ಮಾಡಿದೆ, ಚಪ್ಪಲಿ ಹಾಕ್ಕೊಂಡೆ, ಬಾಗಲ ಎಳದು ಮುಚ್ಚಿ, ನಡ್ಕೊಂತ ಬಂದೆ. ಮಧ್ಯಾಹ್ನದ ಬಿಸಿಲಾಗ, ಎಲ್ಲರೂ ನೋಡಂಗ. ಕಳ್ಳರಂಗ ಓಡಿ ಬಂದಾಕಿ ಅಲ್ಲ ನಾ. ಅದು ತಗೀರಿ."

ಹೆಲೆನ್ ಆ ಪದ ಹೊಡೆದು ಹಾಕಿ, ಒಲೆ ಆರಿಸಿದ್ದನ್ನೂ ಚಪ್ಪಲಿ ಹಾಕಿಕೊಂಡದ್ದನ್ನೂ ಬರೆದಳು. ಅದನ್ನು ಮತ್ತೆ ಓದಿಸಿ ಕೇಳಿದ ಮೇಲೆಯೇ ಜಗದೇವಿ ಸಹಿ ಹಾಕಿದಳು. ಎರಡು ದಿನದಲ್ಲಿ ವಿಮಾನ ರದ್ದಾಯಿತು. ಜಾಮೀನಿನ ಅರ್ಜಿ ಒಳಗೆ ಹೋಯಿತು. ಹೊರಗೆ ಬಂದರೆ ಇರಲು ಒಂದು ಮನೆ ತೋರಿಸಬೇಕು ಅಂದರು. ಮಾರ್ಗರೆಟ್ ತನ್ನ ಮನೆಯ ವಿಳಾಸ ಕೊಟ್ಟಳು.

ಪರದೆಯ ಕೋರ್ಟು

ಕೋರ್ಟು ಅಂದರೆ ಆಫೀಸಿನಂಥ ಒಂದು ಕೋಣೆ. ಜಡ್ಜು ಗೌನು ಕೂಡ ಹಾಕಿರಲಿಲ್ಲ. ಜಗದೇವಿಯನ್ನು ಕರೆತಂದಿರಲಿಲ್ಲ, ಗೋಡೆಯ ವಿಡಿಯೋ ಪರದೆಯಲ್ಲಿ ತ್ರಾಸಿನಿಂದ ಕುಳಿತಿದ್ದಳು. ಕೋರ್ಟಿನವರೇ ನೇಮಿಸಿದ ದುಭಾಷಿ ಮೈಸೂರು ಕಡೆಯ ಹಿರಿಯರು, ಸ್ವಚ್ಛವಾಗಿ ಮಾತಾಡುತ್ತಿದ್ದರು. ನಾನು ಮಾರ್ಗರೆಟ್‌ಳ ಪಕ್ಕದಲ್ಲಿ ಬಾಯಿ ಹೊಲಿದುಕೊಂಡು ಕೂಡಬೇಕು. ಇಷ್ಟು ವರ್ಷ ವಕೀಲಿ ಮಾಡಿದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮಾರ್ಗರೆಟ್ ನನ್ನ ಮೊಣಕೈ ಹಿಡಿದುಕೊಂಡೇ ಇದ್ದಳು.

ಸರ್ಕಾರದ ಕಡೆಯವನು ಎದ್ದು, ಈಕೆ ಮೊದಲೇ ಒಂದು ಮನೆಯಿಂದ ಓಡಿಹೋದವಳು, ಬಿಟ್ಟರೆ ಮತ್ತೆ ಓಡಿಹೋಗುತ್ತಾಳೆ ಎಂದ. ನಾನು ಎದ್ದೇಬಿಡುತ್ತಿದ್ದೆ, ಮಾರ್ಗರೆಟ್ ಎಳೆದು ಕೂರಿಸಿದಳು. ಹೆಲೆನ್ ಹೇಳಿಕೆಯ ಪುಟ ತೋರಿಸಿದಳು. ಜಡ್ಜು ನಿಧಾನವಾಗಿ ಓದಿಕೊಂಡರು. ಆಮೇಲೆ ಪರದೆಯ ಕಡೆ ತಿರುಗಿ, ಬಿಟ್ಟರೆ ಹೇಳಿದ ದಿನ ಹೇಳಿದ ಕಡೆ ಬರುತ್ತೀರಾ, ಓಡಿಹೋಗುತ್ತೀರಾ ಎಂದು ನೇರವಾಗಿ ಅವಳನ್ನೇ ಕೇಳಿದರು.

"ಸಾಹೇಬ್ರ, ನಾ ಓಡೋ ಹೆಣ್ಮಗಳಲ್ರಿ" ಅಂದಳು ಜಗದೇವಿ. "ಕೀಲಿ ಹಾಕಿದ ಮನಿಂದ್ಲೇ ನಡ್ಕೊಂತ ಬಂದೀನಿ. ನೀವು ಬಾ ಅಂದಲ್ಲಿಗೂ ನಡ್ಕೊಂತನ ಬರ್ತೀನಿ."

ದುಭಾಷಿ ಹಿರಿಯರು ಅದನ್ನು ಇಂಗ್ಲಿಷಿಗೆ ತರುವ ಮೊದಲು ಒಂದು ಕ್ಷಣ ಕನ್ನಡಕ ತೆಗೆದು ಒರೆಸಿಕೊಂಡರು. ಜಾಮೀನು ಸಿಕ್ಕಿತು. ಅವಳ ಮಾತು ತನಿಖೆಯಾಗುವ ತನಕ ಯಾರೂ ಅವಳನ್ನು ಕಳಿಸುವಂತಿಲ್ಲ ಎಂದೂ ಆಯಿತು.

ಆ ಸಂಜೆ ಹೆಲೆನ್ ನನ್ನನ್ನೂ ಕರೆದುಕೊಂಡು ಸೆಂಟರಿಗೆ ಹೋಗಿ ಆದೇಶ ಓದಿ ಹೇಳಿದಳು, ನಾನು ಕನ್ನಡದಲ್ಲಿ ಹೇಳಿದೆ. ಜಗದೇವಿ ಅಲ್ಲಿಂದಲೇ ಊರಿಗೆ ಫೋನು ಹಚ್ಚಿದಳು. "ಏನ್ರಿ, ಊಟ ಆತೇನು?" ಎಂದು ಶುರು ಮಾಡಿ, ಕೀಲಿ, ಪೊಲೀಸರು, ಜಡ್ಜು, ಎಲ್ಲ ಹೇಳಿದಳು. ಗಂಡ, ಮಗಳಿಗೆ ತಾನೇ ಸೇಡಂಗೆ ಹೋಗಿ ಹೇಳಿ ಬರುತ್ತೇನೆ ಅಂದನಂತೆ.

ಬಸ್ ಸ್ಟಾಪ್

ಬಿಡುಗಡೆಯ ದಿನ ನಾನೂ ಮಾರ್ಗರೆಟ್‌ಳೂ ಗೇಟಿನ ಹೊರಗೆ ಬಸ್ ಸ್ಟಾಪಿನಲ್ಲಿ ಕಾದೆವು. ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ನನಗೆ ನಮ್ಮ ಕಡೆಯ ಚಳಿಗಾಲದ ಬೆಳಗು ನೆನಪಾಗಿ, ತೊಗರಿ ಹೂ ಬಿಟ್ಟ ಹೊಲ ನೆನಪಾಗಿ, ಊರಿಗೆ ಹೋಗುವ ದಿನ ಎಣಿಸುತ್ತಿದ್ದೆ. ಬಾಗಿಲು ಸರಿಯಿತು. ಜಗದೇವಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಹೊರಗೆ ಬಂದಳು. ನಿಂತು, ಮುಖ ಮೇಲೆತ್ತಿ ಬಿಸಿಲು ಕಾಯಿಸಿಕೊಂಡಳು.

ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು ಕಾಣಿಸಿತು. ಅದು ತಪ್ಪಿದರೆ ಮತ್ತೆ ಒಂದು ತಾಸು. ಮಾರ್ಗರೆಟ್ ಮುಂದಾಗಿ ಹೋಗಿ ಕೈ ಅಡ್ಡ ಹಿಡಿದಳು. ನಾನು ಸೀರೆಯ ನೆರಿಗೆ ಎತ್ತಿಕೊಂಡು ಕೂಗಿದೆ, "ಏ ಜಗದೇವಿ, ಬಸ್ ಬಂತು! ಜಲ್ದಿ ಓಡು, ಓಡು!"

ಅವಳು ನನ್ನ ಕಡೆ ನೋಡಿದಳು. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ನಾ ಓಡಂಗಿಲ್ರಿ ಅಕ್ಕೋರೆ" ಅಂದಳು.

ಡ್ರೈವರು ಸ್ವಲ್ಪ ಕಾದ, ಸಾರಿ ಎಂದು ಕೈಯೆತ್ತಿ ಹೊರಟುಹೋದ. ಜಗದೇವಿ ರಸ್ತೆಯ ಅಂಚು ಹಿಡಿದು, ಎರಡೂ ಕಡೆ ನೋಡುತ್ತ, ತನ್ನ ಪಾಡಿಗೆ ನಡೆದು ಬಂದು ನಮ್ಮಿಬ್ಬರ ನಡುವೆ ಬೆಂಚಿನ ಮೇಲೆ ಕುಳಿತಳು.